ಬಿಸಿಲಿನಲ್ಲೇ ಏರಿದ ಹೊಳೆ

ಹುಣಸೂರಿನ ಹೊಳೆದಂಡೆ ಬೀದಿಯಲ್ಲಿ ಗೌಸ್ ಅವರದು ಹಾಸಿಗೆ ಹೊಲಿಯುವ ಅಂಗಡಿ. ಹಿಂದೆಯೇ ಮನೆ. ಹೋದ ಮಳೆಗಾಲದಲ್ಲಿ ಲಕ್ಷ್ಮಣತೀರ್ಥ ಹೊಳೆ ಒಳಗೆ ನುಗ್ಗಿ, ಮದುವೆಗೆಂದು ಹೊಲಿದಿಟ್ಟ ಆರು ಹಾಸಿಗೆಗಳು ಕೊಳೆತುಹೋಗಿದ್ದವು.

ಈ ಜುಲೈನಲ್ಲಿ ಒಂದು ದಿನ ಬೆಳಗ್ಗೆ ಒಳ್ಳೆಯ ಬಿಸಿಲಿತ್ತು. ಗೌಸ್ ಹತ್ತಿ ಒಣಹಾಕುತ್ತಿದ್ದರು. ಸೇತುವೆ ಕಂಬದ ಅಳತೆಪಟ್ಟಿ ನೋಡಿ ಹೊಳೆಯ ಮಟ್ಟ ಬರೆದುಕೊಳ್ಳುವ ಸುಕನ್ಯ ಬಂದು ನಿಂತರು.

"ಗೌಸಣ್ಣ, ಹೊಳೆ ಏರ್ತಾ ಐತೆ. ಹತ್ತಿ ಸಾಗಿಸ್ಬುಡಿ."

"ಒಂದು ಹನಿ ಮಳೆ ಇಲ್ಲ ಮೇಡಂ! ಬಿಸಿಲು ನೋಡಿ."

"ಇಲ್ಲಿಲ್ಲ ಕಣಣ್ಣ, ಕೊಡಗಲ್ಲಿ ಸುರೀತೈತೆ. ಆ ನೀರು ಇಲ್ಲಿಗೇ ಬರ್ಬೇಕಲ್ಲ?"

ಗೌಸ್ ಅವರ ಹೆಂಡತಿ ಫಹ್ಮೀದಾ ಹೊರಗೆ ಬಂದರು. "ಕಂಬದ ನಂಬರ್ ನೋಡಿದ್ರೆ ನಮ್ಮನೆಗೆ ನೀರು ಬರುತ್ತೆ ಅಂತ ಹೆಂಗೆ ಗೊತ್ತಾಗುತ್ತೆ?"

"ಹೋದ್ಸಲ ಹೊಸ್ತಿಲಿಗೆ ನೀರು ಬಂದಿದ್ದು ಯಾವಾಗ, ನೆನಪೈತಾ?"

"ಆಗಸ್ಟ್ ಮೊದಲ್ನೇ ಶುಕ್ರವಾರ. ಇವರು ನಮಾಜಿಗೆ ಹೊರಟಿದ್ರು. ಮಧ್ಯಾಹ್ನ ಒಂದು ಗಂಟೆ."

ಸುಕನ್ಯ ಮಟ್ಟ ಬರೆಯುವ ಪುಸ್ತಕದ ಹಳೆಯ ಪುಟ ತಿರುವಿದರು. "ಆಗ ಐದು ಮೀಟರ್ ಎಂಬತ್ತು ಸೆಂಟಿಮೀಟರ್. ಅದೇ ನಿಮ್ಮನೆ ನಂಬರ್, ಅಷ್ಟು ಏರಿದ್ರೆ ನೀರು ನಿಮ್ಮ ಹೊಸ್ತಿಲಿಗೆ ಬರ್ತೈತೆ. ಇವತ್ತು ಎಂಟಕ್ಕೆ ನಾಲ್ಕು ಅರವತ್ತಿತ್ತು. ಒಂಬತ್ತಕ್ಕೆ ನಾಲ್ಕು ಎಂಬತ್ತು."

ಗೌಸ್ ಬೆರಳು ಮಡಿಸಿದರು. "ಗಂಟೆಗೆ ಇಪ್ಪತ್ತು... ಇನ್ನೂ ಒಂದು ಮೀಟರ್ ಅಂದ್ರೆ ಐದು ಗಂಟೆ... ಮಧ್ಯಾಹ್ನ ಎರಡಕ್ಕೆ ಬರುತ್ತಾ?"

"ಅಂದಾಜು ಅಷ್ಟೇ. ಜೋರಾಗೂ ಏರ್ಬೋದು, ನಿಂತೂ ಹೋಗ್ಬೋದು. ಗಂಟೆಗೊಂದ್ಸಲ ನೋಡ್ತಿರ್ಬೇಕು."

ಗೌಸ್ ಅವರಿಗೆ ನಂಬಿಕೆ ಬರಲಿಲ್ಲ, ಆದರೆ ಕುತೂಹಲ ತಡೆಯಲಾಗಲಿಲ್ಲ. ಹತ್ತು ಗಂಟೆಗೆ ತಾವೇ ಸೇತುವೆಗೆ ಹೋಗಿ ಮೇಲಿನಿಂದಲೇ ಬಗ್ಗಿ ನೋಡಿದರು. ಐದು ಹತ್ತು! ಒಂದೇ ಗಂಟೆಯಲ್ಲಿ ಮೂವತ್ತು ಸೆಂಟಿಮೀಟರ್.

ಓಡುತ್ತಾ ಬಂದರು. "ಫಹ್ಮೀದಾ, ಎರಡು ಗಂಟೆವರೆಗೆ ಟೈಮಿಲ್ಲ! ಏಳು, ಏಳು!"

ಹತ್ತಿ, ಹೊಲಿಗೆ ಯಂತ್ರ, ಆಧಾರ್ ಕಾರ್ಡು, ರೇಷನ್ ಕಾರ್ಡು ಎಲ್ಲವೂ ಆಟೋದಲ್ಲಿ ಮೇಲಿನ ಬೀದಿಯ ನಾದಿನಿ ನಿಖತ್ ಮನೆ ಸೇರಿದವು. ಗೌಸ್ ಅಕ್ಕಪಕ್ಕದ ಬಾಗಿಲುಗಳನ್ನೂ ತಟ್ಟಿದರು. ಹನ್ನೆರಡೂವರೆಗೆ ನೀರು ಹೊಸ್ತಿಲು ದಾಟಿತು, ಸಂಜೆಗೆ ಮೊಣಕಾಲುದ್ದ ನಿಂತಿತು. ಮರದ ಮಂಚವೊಂದು ಹಾಳಾಯಿತು. ಹತ್ತಿಯ ಒಂದು ಎಳೆಯೂ ನೆನೆಯಲಿಲ್ಲ.

ನೀರಿಳಿದ ಮೇಲೆ ಪಕ್ಕದ ಮನೆಯ ಯಶೋದಮ್ಮ ಪೊರಕೆ ಹಿಡಿದೇ ಕೇಳಿದರು: "ಗೌಸಣ್ಣ, ನಮ್ಮನೆ ನಂಬರ್ ಎಷ್ಟು ಕಣಪ್ಪಾ?"

"ಬನ್ನಿ, ಸುಕನ್ಯ ಮೇಡಂನ ಕೇಳೋಣ," ಎಂದರು ಗೌಸ್.

ಹೊಳೆಯ ಪಕ್ಕದಲ್ಲಿರುವ ಅಣ್ಣ, ಅಕ್ಕಂದಿರೇ, ನಿಮ್ಮ ಮನೆಯ ನಂಬರ್ ನಿಮಗೆ ಗೊತ್ತೇ? ಮಳೆ ಬರುವ ಮೊದಲೇ ಹೊಳೆಯ ಮಟ್ಟ ಬರೆದುಕೊಳ್ಳುವವರನ್ನು ಕೇಳಿ ತಿಳಿದುಕೊಳ್ಳಿ. ಆಕಾಶ ನೋಡಿ ಸುಮ್ಮನಾಗಬೇಡಿ. ಹೊಳೆ ಎಷ್ಟಿದೆ, ಎಷ್ಟು ಬೇಗ ಏರುತ್ತಿದೆ ಎಂದು ವಿಚಾರಿಸಿ. ಅಧಿಕಾರಿಗಳು ಹೊರಡಿ ಎಂದರೆ ಆಗಲೇ ಹೊರಡಿ.