ಚಾಪೆಯ ಮೇಲೆ ಕೂತ ಅಸ್ಥಿಪಂಜರ

ಕೊಲ್ಲಿ ದೇಶದ ಹದಿನಾಲ್ಕು ವರ್ಷಗಳ ನೌಕರಿಯಲ್ಲಿ, ಮೊದಲು ದೂರದ ಖಸಬ್‌ನಲ್ಲಿ, ಈಗ ಮೂರು ತಿಂಗಳಿಂದ ಘಾಲಾದ ಪೈಪು ಗೋದಾಮಿನಲ್ಲಿ, ಸ್ಟೋರ್‌ಕೀಪರ್ ಶೇಖಪ್ಪ ಕಂಪನಿಯ ಒಂದು ಪೆನ್ಸಿಲ್ಲನ್ನೂ ಮನೆಗೆ ತಂದವನಲ್ಲ. ಕಸಕ್ಕೆ ಹೋಗುವ ವಸ್ತುವಾದರೂ ಕೇಳದೆ ಎತ್ತಿಕೊಂಡರೆ ಅದು ಕಳವೇ ಎಂಬುದು ಅವನ ನಿಲುವು. ಆದ್ದರಿಂದ ಆ ಸೋಮವಾರ ಅವನು ಹದಿನೇಳು ಪಿವಿಸಿ ಪೈಪಿನ ತುಂಡುಗಳಿಗಾಗಿ ಮ್ಯಾನೇಜರರಿಗೆ ಅರ್ಜಿ ಬರೆದು, ಸಹಿ ಹಾಕಿಸಿಕೊಂಡು ಬಂದ. ಫೋರ್ಕ್‌ಲಿಫ್ಟ್ ಓಡಿಸುವ ಉಪ್ಪಿನಂಗಡಿಯ ಹಕೀಂ ಅದನ್ನು ಕಂಡು ಬಿದ್ದು ಬಿದ್ದು ನಕ್ಕ.

“ಎಂತ ಶೇಖಪ್ಪಣ್ಣ, ಕಸಕ್ಕೂ ಗೇಟ್ ಪಾಸಾ? ನಾಳೆ ಉಸಿರಾಡ್ಲಿಕ್ಕೂ ಅರ್ಜಿ ಹಾಕ್ತೀರಿ ನೀವು!”

“ಹಾಕಬೇಕಾದ್ರ ಹಾಕ್ತೀನಿ. ನಿನಗೇನ ತ್ರಾಸ?”

“ನಂಗೆಂತ ತ್ರಾಸ! ಯಾರಿಗೆ ಇದು?”

“ದೆವ್ವಕ್ಕ,” ಎಂದ ಶೇಖಪ್ಪ, ಮುಖ ಸಿಂಡರಿಸಿ.

ಸಂಗತಿ ಹೀಗಿತ್ತು. ದಾರ್ಸೈಟ್‌ನಲ್ಲಿ ಅವನಿದ್ದ ಕಟ್ಟಡದ ಮಕ್ಕಳು ಶುಕ್ರವಾರ ಸಂಜೆ ನೆಲಮಹಡಿಯ ಹಾಲಿನಲ್ಲಿ ದೆವ್ವ-ಭೂತಗಳ ಹ್ಯಾಲೋವೀನ್ ಹಬ್ಬ ಆಚರಿಸುವುದೆಂದು ನಿರ್ಧಾರವಾಗಿತ್ತು. ನಿವಾಸಿಗಳ ಸಭೆಯಲ್ಲಿ ಶೇಖಪ್ಪ ಎದ್ದು ನಿಂತು, “ಸತ್ತವರಿಗೆ ಎಡಿ ಹಿಡೀಬೇಕ್ರಿ, ಅವರನ್ನ ಕುಣಸಬಾರ್ದು!” ಎಂದು ಆರಂಭಿಸಿ ಹದಿನೈದು ನಿಮಿಷ ಏರ್ಪಾಟು ಮಾಡಿದವರನ್ನು ಬೈದಿದ್ದ. ಕಾರ್ಯಕ್ರಮದ ಹೊಣೆ ಹೊತ್ತವರು ನಾಲ್ಕನೆಯ ಮಹಡಿಯ ಸ್ಟೀಫನ್. ಮಂಗಳೂರಿನವರು, ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಅವರು ಶಾಂತವಾಗಿ, “ಆಯ್ತು ಮಾರಾಯ್ರೆ, ದೆವ್ವಗಳಿಗೆ ತಿಳಿಸ್ತೇನೆ,” ಎಂದಾಗ ಸಭೆಯೆಲ್ಲ ನಕ್ಕಿತ್ತು.

ಉರಿಯುತ್ತ ಮನೆಗೆ ಬಂದವನ ಎದುರಿಗೆ ಮಗಳು ಅಂಜಲಿ ಕುಣಿಯುತ್ತಿದ್ದಳು. ಹನ್ನೆರಡು ವರ್ಷದ ಆ ಹುಡುಗಿಯನ್ನು ಖಸಬ್ ಬಿಟ್ಟು ಬಂದಂದಿನಿಂದ ಒಂದು ಮಗುವೂ ಆಟಕ್ಕೆ ಕರೆದಿರಲಿಲ್ಲ. ಬಾಲ್ಕನಿಯಲ್ಲಿ ನಿಂತು ಕೆಳಗೆ ಆಡುವವರನ್ನು ನೋಡುವುದೇ ಅವಳ ಸಂಜೆಯ ಕೆಲಸವಾಗಿತ್ತು.

“ಅಪ್ಪಾ, ಕೆಳಗ ಆಡೂ ಆ ರಿಫಾ ನನ್ನನ್ನ ಕರದ್ಲು! ಭೂತದ ಪೈಪ್ ಆರ್ಗನ್ ನಾನs ಮಾಡಬೇಕಂತ. ಫುಲ್ ನಂದs ರೆಸ್ಪಾನ್ಸಿಬಿಲಿಟಿ!”

ಯಾರಿಗೂ ಬೇಡವಾದ ಕೆಲಸವನ್ನು ಹೊಸಬಳ ತಲೆಗೆ ಕಟ್ಟಿದ್ದಾರೆಂದು ಶೇಖಪ್ಪನಿಗೆ ಕೂಡಲೇ ಅರ್ಥವಾಯಿತು, ಸಿಟ್ಟೂ ಬಂತು. ಆದರೆ ಮೊದಲ ಬಾರಿ ತೆರೆದ ಬಾಗಿಲನ್ನು ತನ್ನ ನೀತಿಯ ಹೆಸರಿನಲ್ಲಿ ಮುಚ್ಚುವ ಹಕ್ಕು ತಂದೆಗೂ ಇಲ್ಲ. ಅವನು ಅರ್ಜಿ ಬರೆಯಲು ಕೂತ.

ನಾಲ್ಕು ದಿನ ಬಾಲ್ಕನಿಯೇ ಕಾರ್ಖಾನೆಯಾಯಿತು. ಪೈಪುಗಳ ಮೇಲಿನ ಕಂಪನಿಯ ಅಕ್ಷರಗಳನ್ನು ಮರಳು ಕಾಗದದಿಂದ ತಿಕ್ಕಿ ತೆಗೆದರು. ಒಂದೊಂದರ ಬುಡದಲ್ಲೂ ತುಟಿಯಾಕಾರದ ಸೀಳು ಕೊಯ್ದು, ಉದ್ದದವು ನಡುವೆ, ಗಿಡ್ಡವು ಅಂಚಿಗೆ ಬರುವಂತೆ ಪ್ಲೈವುಡ್ಡಿಗೆ ಅಂಟಿಸಿದರು. ಮೊದಲು ಕಪ್ಪು ಬಣ್ಣ. ಒಣಗಿದ ಮೇಲೆ ಬ್ರಷ್ಷಿನ ತುದಿಯಿಂದ ತಾಮ್ರದ ಬಣ್ಣ ಸವರಿ, ಸ್ಪಂಜಿನಿಂದ ಕಿಲುಬಿನ ಹಸಿರು ಒತ್ತಿದರು. ಮರದ ಪಟ್ಟಿಗಳಿಂದ ಮಾಡಿದ, ಬೆರಳಿನಿಂದ ಒತ್ತುವ ಬಿಳಿ ಮನೆಗಳನ್ನು ಅಂಜಲಿ ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದಾಗ ಅವು ಹಳೆಯ ಎಲುಬಿನಂತಾದವು. “ದೆವ್ವಕ್ಕೂ ನನ್ನ ಚಹಾಪುಡಿನs ಬೇಕಾಗಿತ್ತೇನ?” ಎಂದಳು ಮಡದಿ ಮಾಧುರಿ.

ಶುಕ್ರವಾರ ಮಧ್ಯಾಹ್ನ ಅದನ್ನು ಹಾಲಿಗೆ ಇಳಿಸಿದರು. ಪ್ಲಾಸ್ಟಿಕ್ಕಿನ ಅಸ್ಥಿಪಂಜರವನ್ನು ಎತ್ತಿಕೊಂಡು ಬಂದ ಸ್ಟೀಫನ್ ಒಮ್ಮೆ ನೋಡಿದರು, ಬಗ್ಗಿ ಇನ್ನೊಮ್ಮೆ ನೋಡಿದರು, ನಗತೊಡಗಿದರು.

“ಶೇಖಪ್ಪನವರೇ, ಮನೆಗಳು ನೆಲಕ್ಕೆ ಅಂಟಿದ ಹಾಗೆ ಉಂಟಲ್ಲ! ಆರ್ಗನ್ ನುಡಿಸುವವ ಸ್ಟೂಲಿನ ಮೇಲೆ ಕೂರುವುದು. ಹಿಂದೆ ಇದೆಂತ, ತಿದಿಯಾ?”

ಅಂಜಲಿ ತೋರಿಸಿದ್ದ ಚಿತ್ರದಲ್ಲಿ ಪೈಪುಗಳಷ್ಟೇ ಕಾಣುತ್ತಿದ್ದವು. ಉಳಿದರ್ಧವನ್ನು ಶೇಖಪ್ಪ ತನಗೆ ತಿಳಿದಂತೆ ಮಾಡಿದ್ದ. ಅವನಿಗೆ ತಿಳಿದದ್ದು ಗುಳೇದಗುಡ್ಡದ ಭಜನೆಯಲ್ಲಿ ಸೋದರಮಾವ ನುಡಿಸುತ್ತಿದ್ದ ಪೇಟಿ ಒಂದೇ: ಚಾಪೆಯ ಮೇಲೆ ಕೂತು, ಬಲಗೈ ಮನೆಗಳ ಮೇಲೆ, ಎಡಗೈ ತಿದಿಯ ಮೇಲೆ.

“ಅಪ್ಪಾ... ಇದು ಹಾರ್ಮೋನಿಯಂ,” ಎಂದಳು ಅಂಜಲಿ. “ಎಲ್ಲಾರೂ ನಗ್ತಾರ. ಇನ್ನ ಯಾರೂ ನನ್ನ ಕರಿಯೂದಿಲ್ಲ.”

ಸ್ಟೀಫನ್‌ರ ನಗು ಅಲ್ಲಿಗೇ ನಿಂತಿತು. ಮನೆಗಳನ್ನು ಕೊಯ್ದು ಮೇಲೆತ್ತಲು ಶೇಖಪ್ಪ ಗರಗಸಕ್ಕೆ ಕೈಹಾಕಿದ. ಸ್ಟೀಫನ್ ಅವನ ಮಣಿಕಟ್ಟು ಹಿಡಿದರು.

“ಕೊಯ್ಯಬೇಡಿ. ಮೂರು ಗಂಟೆಯಲ್ಲಿ ಆಗುವ ಕೆಲಸ ಅಲ್ಲ ಅದು. ಆರ್ಗನ್ ಯಾಕೆ ಏಳಬೇಕು? ದೆವ್ವವೇ ಕೂರಲಿ. ನಿಮ್ಮ ಊರಿನ ದೆವ್ವ ಅಲ್ವಾ ಮಗಾ, ಚಕ್ಕಳಮಕ್ಕಳ ಹಾಕ್ತದೆ!”

ಅಸ್ಥಿಪಂಜರದ ಮೊಣಕಾಲು ಮಡಚುತ್ತಿರಲಿಲ್ಲ. ತುಂಬಿದ ಸಭೆಯಲ್ಲಿ ಬೈಸಿಕೊಂಡಿದ್ದ ಆ ಮನುಷ್ಯ ನೆಲದ ಮೇಲೆ ಕೂತು, ಒಂದು ಗಂಟೆ ಕಾಲ ಸ್ಕ್ರೂ ಬಿಚ್ಚಿ, ಬೈಂಡಿಂಗ್ ವೈರ್ ಸುತ್ತಿ, ಆ ಎಲುಬುಗಳನ್ನು ಚಾಪೆಯ ಮೇಲೆ ಕೂರಿಸಿದರು. ವೈರ್ ಹಿಡಿದು ನಿಂತ ಶೇಖಪ್ಪನಿಗೆ ತನ್ನ ಹದಿನೈದು ನಿಮಿಷಗಳೂ ಒಂದೊಂದಾಗಿ ನೆನಪಾದವು. ನೀತಿ ಹೇಳುವುದು ಸುಲಭ. ಬೈದವನ ಮಗಳಿಗಾಗಿ ಮಂಡಿ ನೋಯಿಸಿಕೊಳ್ಳುವುದೇ ನೀತಿ.

“ಸೌಂಡಿಗೆ ಚರ್ಚಿನ ಆರ್ಗನ್ ರೆಕಾರ್ಡಿಂಗ್ ಉಂಟು, ಹಾಕುವಾ,” ಎಂದರು ಸ್ಟೀಫನ್.

“ಬ್ಯಾಡ್ರಿ. ಕಾಣೂದು ಪೇಟಿ, ಕೇಳೂದು ಆರ್ಗನ್ ಆದ್ರ ಸುಳ್ಳಾಗ್ತದ,” ಎಂದ ಶೇಖಪ್ಪ ಮನೆಗೆ ಹೋಗಿ ಊರಿನಿಂದ ತಂದು ಕಪಾಟಿನ ಮೇಲಿಟ್ಟಿದ್ದ ಸೋದರಮಾವನ ಪೇಟಿಯನ್ನು ಇಳಿಸಿ ತಂದ.

ಸಂಜೆ ಹಾಲಿನ ದೀಪ ತಗ್ಗಿದಾಗ ಪ್ಲೈವುಡ್ಡಿನ ಹಿಂದೆ ಕೂತಿದ್ದವನು ಅವನೇ. ಕೆಳಗಿನ ಎರಡು ಮನೆಗಳನ್ನು ಒಟ್ಟಿಗೆ ಒತ್ತಿ ತಿದಿಯನ್ನು ಮೆಲ್ಲಗೆ ಎಳೆದ. ಮುದಿ ಪೇಟಿ ನರಳಿತು. ಮಕ್ಕಳು ಕಿರುಚಿ ಹಿಂದೋಡಿದರು; ಮತ್ತೆ ಹತ್ತಿರ ಬಂದರು.

“ವಾವ್, ದೆವ್ವ ನೆಲದ ಮೇಲೆ ಕೂತಿದೆ!” ಎಂಬ ರಿಫಾಳ ದನಿ ಕೇಳಿಸಿತು. “ಅಂಜಲೀ, ಎಲ್ಲಿದ್ದಿ? ಬಾ, ಫೋಟೋಗೆ ನೀನು ಮಧ್ಯ ನಿಲ್ಲಬೇಕು!”

ಹಿಂದೆಯೇ ಮಗಳ ನಗು. ಖಸಬ್ ಬಿಟ್ಟ ಮೇಲೆ ಅವನು ಕೇಳದಿದ್ದ ನಗು.

ಸ್ಟೀಫನ್ ಹಿಂದಿನಿಂದ ಇಣುಕಿದರು. “ಹೇಗುಂಟು ದೆವ್ವದ ಕಷ್ಟ?”

“ಸ್ಟೀಫನ್ ಅವ್ರ, ನಾ ನಿಮಗ ಸಭಾದಾಗ ನಿಂತು ಬೈದೆ. ನಿಮ್ಮ ಉಪಕಾರಾನೂ ಅಲ್ಲೇ ನಿಂತು ಹೇಳಬೇಕು. ಮುಂದಿನ ಮೀಟಿಂಗಿನ್ಯಾಗ ನನಗ ಹದಿನೈದು ನಿಮಿಷ ಕೊಡಸ್ರಿ.”

“ಅಯ್ಯೋ ದೇವರೇ! ಐದು ಸಾಲದಾ?”

“ಬೈಯಾಕ ಹದಿನೈದು ತಗೊಂಡೇನಿ. ಹೊಗಳಾಕ ಕಡಿಮಿ ತಗೊಂಡ್ರ ಅನ್ಯಾಯ ಆಗ್ತದ,” ಎಂದ ಶೇಖಪ್ಪ. ಕೈಮುಗಿಯಬೇಕೆನ್ನಿಸಿತು, ಎರಡೂ ಕೈಗಳು ಪೇಟಿಯ ಮೇಲಿದ್ದವು. ತಲೆಯನ್ನಷ್ಟೇ ಬಾಗಿಸಿ, ತಿದಿಯನ್ನು ಇನ್ನೊಮ್ಮೆ ಎಳೆದ.