ಲಾಲಮ್ಮ ಸೋಸಿದ ಜರೀಗಿಡ

ಐವತ್ತು ವರ್ಷ ಬೇರು ಚಿವುಟಿ, ಕೊಳೆ ತೆಗೆದು ಸೊಪ್ಪುಪಲ್ಯ ಸೋಸಿದ ಕೈಗೆ ಕಣ್ಣಿನ ಆಸರೆಯೇ ಬೇಕಾಗುವುದಿಲ್ಲ ನೋಡಿ. ಸುರಪುರದ ಲಾಲಮ್ಮನ ಕೈ ಅಂಥದ್ದು. ಮಣ್ಣು ಮೆತ್ತಿದ ಪಲ್ಯವನ್ನು ಇನ್ನೊಬ್ಬರ ಮನೆಗೆ ಕೊಟ್ಟವಳೇ ಅಲ್ಲ ಆಕೆ.

ಗಂಡ ಈಶಪ್ಪ ನಾರಾಯಣಪುರದ ಕಾಲುವೆಯಲ್ಲಿ ಗೇಟು ಎತ್ತಿ ಇಳಿಸಿ ನಿವೃತ್ತನಾದವನು. ಓದಿದ್ದು ಏಳನೆಯ ಇಯತ್ತೆ, ಹಿಡಿದದ್ದು ಜರೀಗಿಡಗಳ ಹುಚ್ಚು. ಬೋನಾಳದ ದಾರಿಯ ಹೊಂಡವೊಂದರಲ್ಲಿ ನಾಲ್ಕೆಲೆಯ ನೀರುಜರಿ ಕಂಡಿದ್ದ. ನೋಡಲು ಮೆಂತ್ಯೆಯಂತಿದ್ದರೂ ಇದು ಹೂವೇ ಬಿಡದ ಕುಲ, ದನಕ್ಕೆ ಹಾಕುವ ಅಜೋಲಾ ಇದರ ಹತ್ತಿರದ ಬಳಗ ಎಂದು ಚಹಾಕ್ಕೆ ಬಂದವರಿಗೆಲ್ಲ ಹೇಳುವನು. ಎಲೆ ಎಲ್ಲವಕ್ಕೂ ಒಂದೇ ಥರ, ಬೇರೆ ಜಾತಿ ಎಂದು ತಿಳಿಯುವುದು ಬುಡದ ಕಾಯಿಯಿಂದ, ಅಂದರೆ ಬೀಜಕಣ ತುಂಬಿದ ಪುಟ್ಟ ಗಂಟಿನಿಂದ. ಉಳಿದ ಕಡೆ ತೊಟ್ಟಿಗೆ ಎರಡೋ ಮೂರೋ, ಈ ಹೊಂಡದ್ದಕ್ಕೆ ಸಾಲಾಗಿ ಏಳು! ಯಾರೂ ಹೆಸರಿಡದ ಜಾತಿ ಇದು ಎಂದು ಅವನ ನಂಬಿಕೆ. ಹೋದ ವರ್ಷ ಕಾಯಿ ಎಣಿಸಿದವನು, ಇದ್ದದ್ದೇ ನಾಲ್ಕು ಬಳ್ಳಿ, ಹಬ್ಬಲಿ ಎಂದು ಕೀಳದೆ ಬಂದಿದ್ದ. ಈ ವರ್ಷ ಹೊಂಡದ ನೀರು ಇಳಿದು ಕಾಯಿ ಕಟ್ಟುವ ಹೊತ್ತಿಗೆ ಅವನಿಗೆ ಲಕ್ವಾ ಹೊಡೆಯಿತು.

ಅಷ್ಟರಲ್ಲಿ ರಸ್ತೆ ಅಗಲ ಮಾಡಲು ಹೊಂಡ ಮುಚ್ಚುತ್ತಾರೆಂಬ ಸುದ್ದಿ ಬಂತು. ಗಿಡವನ್ನು ಪರೀಕ್ಷೆಗೆ ಕಳಿಸುತ್ತೇನೆಂದು ಯಾದಗಿರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಪಂಚಶೀಲಾ ಮೇಡಂ ಒಪ್ಪಿದ್ದರು. ಈಶಪ್ಪ ತೊದಲುತ್ತ, ಬುಡಸಮೇತ ಕಿತ್ತು ತಾ ಎಂದು ಹೆಂಡತಿಯನ್ನು ಕಳಿಸಿದ. ಕಾಯಿಯ ಮಾತು ಎತ್ತಲಿಲ್ಲ. ಬಂದವರಿಗೆಲ್ಲ ಅದನ್ನು ಹೇಳಿದ್ದನಲ್ಲ. ಒಳಗೆ ಚಹಾ ಕಾಸುತ್ತಿದ್ದವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮರುದಿನ ಪಂಚಶೀಲಾ ಬಂದು, ಲಾಲಮ್ಮ ಗಿಡ ಸುತ್ತಿಟ್ಟಿದ್ದ ಒದ್ದೆ ಬಟ್ಟೆ ಬಿಚ್ಚಿದರು. ಎಲೆಗಳು ಫಳಫಳ ಹೊಳೆಯುತ್ತಿದ್ದವು.

"ಯವ್ವಾ, ಇದರ ಬುಡದಾಗ ಹೆಸರುಕಾಳಿನಂಥವು ಇದ್ದಿಲ್ಲೇನ್ರಿ?"

"ಇದ್ವು ತಾಯಿ. ಕರ್ರಗ ಹೊಲಸ ಇದ್ವು, ಬೇರಿನ ಸಂಗಟ ಚಿವುಟಿ ಅಲ್ಲೇ ಹೊಂಡದಾಗ ಒಗದೀನಿ. ನಿಮ್ಮಂಥೋರಿಗೆ ಹಂಗ ಕೊಡಾಕ ಬರ್ತದೇನ್ರಿ?"

ಹಾಸಿಗೆಯಿಂದ ಈಶಪ್ಪ ಒಂದು ಥರ ಉಸಿರು ಬಿಟ್ಟ. ಏನೋ ಕೆಟ್ಟಿತೆಂದು ಲಾಲಮ್ಮನಿಗೆ ತಿಳಿದದ್ದು ಆಗ.

ಒಗೆದ ಕಾಯಿ ಹುಡುಕಲು ಪಂಚಶೀಲಾ ಅವಳನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಹೊಂಡಕ್ಕೆ ಧಾವಿಸಿದರು. ಹೊಂಡದ ಜಾಗದಲ್ಲಿ ರಸ್ತೆಗೆ ಹಾಕುವ ಕೆಂಪು ಮೊರಂ ಮಣ್ಣು ಹರಡಿತ್ತು, ಅದರ ಮೇಲೆ ರೋಲರ್ ಹೋಗಿ ಬರುತ್ತಿತ್ತು. ಲಾಲಮ್ಮ ಕೈಯಿಂದಲೇ ಮೊರಂ ಕೆದರಲು ಕುಳಿತಳು. ರೋಲರ್‌ನವನು ಬೈದು ಎಬ್ಬಿಸಿದ.

ಮನೆಗೆ ಬಂದು ಪಂಚಶೀಲಾ ನಿಧಾನವಾಗಿ ತಿಳಿಸಿದರು: ಎಲೆ ಪರೀಕ್ಷೆ ಮಾಡಿದರೆ ಯಾರ ಬಳಗ ಎಂಬುದು ಗೊತ್ತಾದೀತು, ಆದರೆ ಕಾಯಿ ತೋರಿಸದೆ ಹೊಸ ಹೆಸರು ಯಾರೂ ಒಪ್ಪುವುದಿಲ್ಲ, ಸದ್ಯ ಹಳೆಯ ಹೆಸರಿನಲ್ಲೇ ಇಡಬೇಕು. ಈಶಪ್ಪನ ಸೊಟ್ಟ ಬಾಯಿಯಿಂದ ಜೊಲ್ಲು ಇಳಿಯಿತು. ಲಾಲಮ್ಮ ಒರೆಸಲು ಹೋದರೆ ಮುಖ ತಿರುಗಿಸಿದ.

ಗಿಡವನ್ನು ಪೇಪರಿನ ಮಡಿಕೆಯಲ್ಲಿಟ್ಟು ಪಂಚಶೀಲಾ ಚೀಟಿ ಬರೆಯತೊಡಗಿದರು. ಗಿಡ ತಂದವರೆಂದು ನಿಮ್ಮ ಹೆಸರು ಹಾಕಲೇ ಎಂದು ಈಶಪ್ಪನನ್ನು ಕೇಳಿದರು.

"ಬ್ಯಾಡ. ಆಕೀದ ಹಾಕ್ರಿ. ತಂದಾಕಿ ಆಕಿನ."

ಲಾಲಮ್ಮ ಮೇಡಂ ಕೈ ಹಿಡಿದು, ತನ್ನ ಹೆಸರು ಬೇಡವೆಂದು ಬೇಡಿಕೊಂಡಳು. ಪಂಚಶೀಲಾ ಹಾಸಿಗೆಯತ್ತ ನೋಡಿದರು. ಈಶಪ್ಪ ಚೀಟಿಯಿಂದ ಕಣ್ಣು ತೆಗೆಯಲಿಲ್ಲ, ಅವರು ಲಾಲಮ್ಮ ಎಂದು ಬರೆದು ಮುಗಿಸುವವರೆಗೂ.