ಹಿಡಿಯ ಅಳತೆ

ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಮಾವ ಪಿಸ್ತೂಲನ್ನು ಆರಿಸಿ ಮುಗಿಸಿದ್ದರು. ಅವಳನ್ನು ಕರೆತಂದದ್ದು ಹೊತ್ತುಕೊಂಡು ಹೋಗುವುದಕ್ಕೆ, ಅಷ್ಟೆ.

ಮಾವ ಎಂದರೆ ಅವಳ ತಾಯಿಯ ತಮ್ಮ. ಗುರಿ ಹೊಡೆಯುವವರ ಕ್ಲಬ್ಬಿಗೆ ಇಪ್ಪತ್ತಾರು ವರ್ಷದಿಂದ ಅವರೇ ಗುರು. ಅವರ ಅಂಗೈ ಒಂದು ಸಣ್ಣ ಮೊರದಷ್ಟಿತ್ತು. ಬೆನ್ನು ತಟ್ಟಿದರೆ ಶಹಬ್ಬಾಸ್ ಎಂದರೋ ಹೊಡೆದರೋ ಎಂದು ತಿಳಿಯುತ್ತಿರಲಿಲ್ಲ. ಅವಳು ಗಡಿಯಾರ ರಿಪೇರಿ ಮಾಡುವವಳು. ಕಣ್ಣಿಗೊಂದು ಗಾಜು ಸಿಕ್ಕಿಸಿಕೊಂಡು, ಇರುವೆಯ ಕಾಲಿನಷ್ಟು ಸಣ್ಣ ತಿರುಪನ್ನು ಚಿಮಟದಲ್ಲಿ ಎತ್ತಿ ಅದರ ಜಾಗದಲ್ಲಿ ಕೂರಿಸುವ ಕೆಲಸ. ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಗಡಿಯಾರದವಳು ಎಂದೇ ಕರೆಯುತ್ತಿದ್ದರು.

ಹೆಂಗಸರ ತಂಡದ ಹಳೇ ಪಿಸ್ತೂಲಿನ ಸ್ಪ್ರಿಂಗು ಸೋತು, ಗುಂಡು ನಡುನಡುವೆ ಸಿಕ್ಕಿಕೊಳ್ಳತೊಡಗಿತ್ತು. ಆಯ್ಕೆಯ ಪಂದ್ಯಕ್ಕೆ ಇನ್ನು ಮೂರು ವಾರ. ಕ್ಲಬ್ಬು ಒಂದು ಹೊಸ ಪಿಸ್ತೂಲಿಗೆ ಒಪ್ಪಿತ್ತು. ಅರ್ಜಿಯ ಕೊನೆಯಲ್ಲಿ ಗುರುವಿನ ಸಹಿಗೆಂದು ಒಂದು ಗೆರೆ ಖಾಲಿ ಇತ್ತು. ಆ ಗೆರೆ ತುಂಬಿದರೆ ಅವಳಿಗೆ ಪಂದ್ಯ ಉಂಟು, ಇಲ್ಲವಾದರೆ ಇಲ್ಲ.

"ಅದನ್ನ ಕೊಡಿ," ಎಂದರು ಮಾವ, ಗಾಜಿನ ಪೆಟ್ಟಿಗೆಯೊಳಗಿನ ಕಪ್ಪು ಪಿಸ್ತೂಲಿಗೆ ಬೆರಳು ತೋರಿಸಿ. "ದೊಡ್ಡ ಹಿಡೀದು."

ಅಂಗಡಿಯವರು ಬಡಕಲು ಮನುಷ್ಯ, ಕನ್ನಡಕವನ್ನು ಹಣೆಯ ಮೇಲಿಟ್ಟು ಅದನ್ನೇ ಹುಡುಕುವ ಪೈಕಿ. ಅವರು ಪಿಸ್ತೂಲನ್ನು ಹೊರತೆಗೆದು, ಒಳಗೆ ಗುಂಡಿಲ್ಲವೆಂದು ತೆರೆದು ತೋರಿಸಿದರು, ಆದರೆ ಮಾವನ ಕೈಗೆ ಕೊಡಲಿಲ್ಲ. ಅವಳ ಕಡೆ ತಿರುಗಿದರು.

"ಕೈ ಚಾಚಮ್ಮ."

"ಯಾಕೆ, ಭವಿಷ್ಯ ಹೇಳ್ತೀರಾ?" ಎಂದರು ಮಾವ.

"ಹೂಂ, ಬೇರೆಯವರದ್ದಕ್ಕಾದ್ರೆ ದುಡ್ಡು ತಗೋತೀನಿ. ಇವರದ್ದು ಪುಕ್ಕಟೆ." ಅವರು ಉಕ್ಕಿನ ಅಳತೆಪಟ್ಟಿಯನ್ನು ಅವಳ ಹೆಬ್ಬೆರಳು ತೋರುಬೆರಳುಗಳ ನಡುವಿನ ಸಂದಿಗೆ ಒತ್ತಿ, ತೋರುಬೆರಳಿನ ತುದಿಗೆಣ್ಣಿನವರೆಗೆ ಎಳೆದರು. "ಹತ್ತು ಸೆಂಟಿಮೀಟರ್. ಒಂದು ನೂಲು ಕಮ್ಮೀನೇ. ಹಳೇದರಲ್ಲಿ ಯಾವ ಹಿಡಿ ಇತ್ತು?"

"ದೊಡ್ಡದೇ. ನಮ್ಮಲ್ಲಿ ಎಲ್ಲರಿಗೂ ಅದೇ," ಎಂದರು ಮಾವ.

 ಅಂಗಡಿಯವರ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

"ಕಣ್ಣು ಮುಚ್ಚಿ ಎತ್ತಿ, ತಾಯಿ. ಗುರಿ ಹಿಡೀಬೇಡಿ. ಕೈ ಎಲ್ಲಿ ಹೋಗತ್ತೋ ಹೋಗ್ಲಿ. ಆಮೇಲೆ ಕಣ್ಣು ಬಿಡಿ."

ಅವಳು ಕಣ್ಣು ಮುಚ್ಚಿ ಗೋಡೆಯ ಕಡೆಗೆ ಎತ್ತಿದಳು. ಕಣ್ಣು ಬಿಟ್ಟು ನೋಡಿದರೆ, ನಳಿಗೆಯ ತುದಿಯ ಕಡ್ಡಿ ಹಿಂದಿನ ಕಚ್ಚಿನ ನಡುವೆ ನಿಲ್ಲದೆ ಎಡಗಡೆ ಅವಿತುಕೊಂಡಿತ್ತು. ಮೂರು ಸಲ ಎತ್ತಿದಳು. ಮೂರು ಸಲವೂ ಎಡಕ್ಕೇ. ಅವರು ಒಳಗಿನಿಂದ ಇನ್ನೊಂದು ಪಿಸ್ತೂಲು ತಂದರು. ಸ್ವಲ್ಪ ಹಗುರ, ಮರದ ಹಿಡಿ ಸಣ್ಣದು, ತೀಡಿ ತೀಡಿ ಸೊಂಟ ಇಳಿಸಿದಂಥದ್ದು. ಅವಳು ಕಣ್ಣು ಮುಚ್ಚಿ ಎತ್ತಿ, ಬಿಟ್ಟಳು. ಕಡ್ಡಿ ಕಚ್ಚಿನ ಮಧ್ಯದಲ್ಲಿ, ತನ್ನ ಮನೆಯ ಬಾಗಿಲಲ್ಲಿ ನಿಂತ ಯಜಮಾನಿಯ ಹಾಗೆ, ಎರಡೂ ಕಡೆ ಸಮ ಜಾಗ ಬಿಟ್ಟು ನಿಂತಿತ್ತು.

"ಅದು ಆಟಿಕೆ," ಎಂದರು ಮಾವ. "ಐದು ಗುಂಡು ಬೇಗ ಬೇಗ ಹೊಡೆಯೋವಾಗ ಕೈಯಲ್ಲಿ ಕುಣಿಯತ್ತೆ. ತೂಕ ಬೇಕು."

"ಮಾತಾಡೋದು ಯಾಕೆ? ಹಿಂದೆ ಜಾಗ ಇದೆ, ಹೊಡೆದು ನೋಡ್ಲಿ," ಎಂದರು ಅಂಗಡಿಯವರು.

ಅಂಗಡಿಯ ಹಿಂದೆ ಇಪ್ಪತ್ತೈದು ಮೀಟರಿನ ಉದ್ದನೆಯ ಕೋಣೆ; ಕೊನೆಯಲ್ಲಿ ಮರಳು ತುಂಬಿದ ಗೋಡೆ, ಅದರ ಮುಂದೆ ಕಾಗದದ ಗುರಿ. ಮೂವರೂ ಕಿವಿಗೆ ಮುಚ್ಚಳ ಹಾಕಿಕೊಂಡರು. ಕಪ್ಪು ಪಿಸ್ತೂಲಿನಿಂದ ಅವಳು ಹತ್ತು ಗುಂಡು ಹೊಡೆದಳು. ಕಾಗದ ತಂದು ನೋಡಿದರೆ ನಾಲ್ಕು ವರ್ಷದ ಅದೇ ಕಥೆ: ತೂತುಗಳೆಲ್ಲ ಎಡಕ್ಕೆ, ಕೆಳಕ್ಕೆ.

"ನೋಡಿದ್ರಾ?" ಎಂದರು ಮಾವ, ಅಂಗಡಿಯವರಿಗೆ ತಮ್ಮ ಕಷ್ಟ ತೋಡಿಕೊಳ್ಳುವವರ ಹಾಗೆ. "ಪಿಸ್ತೂಲಿನ ಮಾತೇ ಅಲ್ಲ. ಬೆರಳು. ಇವಳ ಬೆರಳು ಟ್ರಿಗರನ್ನ ಒತ್ತಲ್ಲ, ತಳ್ಳತ್ತೆ. ಹೇಳಿ ಹೇಳಿ ನನ್ನ ನಾಲಿಗೆ ಸವೀತು."

ಸಣ್ಣ ಹಿಡಿಯದರಿಂದ ಹತ್ತು ಹೊಡೆದಳು. ಒಂಬತ್ತು ಗುಂಡು ಒಂದು ಕೈಗಡಿಯಾರದ ಮುಖದಷ್ಟು ಜಾಗದಲ್ಲಿ, ನಟ್ಟನಡುವೆ ಬಿದ್ದಿದ್ದವು. ಹತ್ತನೆಯದು ಮಾತ್ರ ಒಂದು ಬೆರಳು ಆಚೆ.

ದೇವರು ಕೈಗಳನ್ನು ಮಾಡುವಾಗ ಒಂದೇ ಅಚ್ಚು ಇಟ್ಟುಕೊಂಡು ಕೂತಿರಲಿಲ್ಲ. ಒಂದೊಂದನ್ನೂ ಬೇರೆ ಬೇರೆ ಅಳತೆಗೆ, ಬೇರೆ ಬೇರೆ ಕೆಲಸ ಮನಸ್ಸಿನಲ್ಲಿಟ್ಟುಕೊಂಡು, ಸಾವಧಾನವಾಗಿ ಮಾಡಿದ. ಅವಸರವೆಲ್ಲ ಮನುಷ್ಯನದ್ದು.

ಅಂಗಡಿಯವರು ಖುಷಿಯಿಂದ ಕಾಗದವನ್ನು ಬೆಳಕಿಗೆ ಹಿಡಿದರು. ಆದರೆ ಗಡಿಯಾರದವಳ ಮುಖದಲ್ಲಿ ನಗು ಹುಟ್ಟಲಿಲ್ಲ. ಹತ್ತನೆಯ ಗುಂಡು ಹೊಡೆಯುವ ಹೊತ್ತಿಗೇ, ತಪ್ಪು ಬೆರಳಿನದ್ದಲ್ಲವೆಂದು ಅವಳಿಗೆ ಗೊತ್ತಾಗಿಹೋಗಿತ್ತು. ಅದು ಆಚೆ ಬಿದ್ದದ್ದೂ ಅದಕ್ಕೇ. ಅಂಗಾಲಿನಿಂದ ಹತ್ತಿದ ಬಿಸಿ ನೆತ್ತಿಗೆ ಬಂದು ನಿಂತಿತು. ನಾಲ್ಕು ವರ್ಷ! ದಿನಾ ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ಗೋಡೆಗೆ ಮುಖಮಾಡಿ ಖಾಲಿ ಟ್ರಿಗರನ್ನು ಮುನ್ನೂರು ಸಲ ಒತ್ತಿದ್ದು. ಆಮೇಲೆ ಕೂತು, ಇಡೀ ದಿನ ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗುಗಳನ್ನು ಇದೇ ಬೆರಳಿನಿಂದ ಕೂರಿಸಿದ್ದು. ಒಂದು ದಿನವೂ ಅವಳಿಗೆ, ಅಲ್ಲಿ ನಡುಗದ ಬೆರಳು ಇಲ್ಲಿ ಯಾಕೆ ಕೆಡುತ್ತದೆ ಎಂದು ಕೇಳಬೇಕು ಅನ್ನಿಸಿರಲಿಲ್ಲ. ಮಾವ ಹೇಳಿದ್ದರಲ್ಲ, ಸಾಕು. ಅವರ ಜೇಬಿನ ಪುಸ್ತಕದಲ್ಲಿ ಪ್ರತಿ ಅಭ್ಯಾಸದ ದಿನ ಅವಳ ಹೆಸರಿನ ಮುಂದೆ ಒಂದೇ ಸಾಲು: ಬೆರಳು ಸರಿಯಿಲ್ಲ.

"ಇವತ್ತು ಕೈ ಚೆನ್ನಾಗಿ ಕೂತಿದೆ," ಎಂದರು ಮಾವ. "ಒಂದು ದಿನ ಹಂಗೆ ಆಗತ್ತೆ. ಕಪ್ಪುದೇ ಇರ್ಲಿ, ಅರ್ಜಿ ಕೊಡು."

"ಕೈ ಇವತ್ತು ಕೂತಿದ್ದಲ್ಲ ಮಾವ. ಕೈ ಯಾವತ್ತೂ ಕೂತೇ ಇತ್ತು. ಹಿಡಿ ದೊಡ್ಡದಿತ್ತು. ಬೆರಳು ಟ್ರಿಗರಿಗೆ ಎಟುಕದೆ ತುದೀಲಿ ತಳ್ತಿತ್ತು."

"ನಂಗೆ ಪಾಠ ಹೇಳ್ಬೇಡ. ನಮ್ಮ ಗುರುಗಳು ನನ್ನ ಕೈಗೆ ಕೊಟ್ಟಿದ್ದೂ ಅದೇ ಹಿಡಿ."

"ನಿಮ್ಮ ಕೈ ಅವರ ಕೈಯಷ್ಟೇ ಇತ್ತು!"

ಮಾತು ಕೋಣೆಯ ಕೊನೆಯ ಮರಳಿನವರೆಗೂ ಹೋಗಿ ಬಂತು. ಹುಟ್ಟಿದಂದಿನಿಂದ ಅವಳು ಮಾವನ ಮುಂದೆ ಅಷ್ಟು ಜೋರಾಗಿ ಮಾತಾಡಿರಲಿಲ್ಲ.

"ನಂದು ಬಿಡಿ, ನಾನು ನಿಮ್ಮ ಅಕ್ಕನ ಮಗಳು, ಬೈಸಿಕೊಂಡೆ. ನಮ್ಮ ತಂಡದಲ್ಲಿದ್ದ ನರ್ಸ್‌ಗೆ ಏನಂದ್ರಿ? ಎಲ್ಲರೆದುರಿಗೆ, 'ನಿನ್ನ ಬೆರಳಿಗೆ ಧೈರ್ಯ ಇಲ್ಲ, ನೀನು ಪುಕ್ಕಲಿ' ಅಂದ್ರಿ. ಅವಳು ಮಾರನೇ ದಿನದಿಂದ ಬರಲಿಲ್ಲ. ಎರಡು ವರ್ಷ ಆಯ್ತು. ಅವಳ ಕೈ ನನ್ನ ಕೈಗಿಂತ ಸಣ್ಣದು ಮಾವ!"

"ಸಾಕು, ಬಾಯಿ ಮುಚ್ಚು. ಈ ಆಟಿಕೆಗೆ ನಾನು ಸಹಿ ಹಾಕಲ್ಲ. ಪಂದ್ಯಕ್ಕೆ ಹೋಗ್ತೀಯೋ ಬಿಡ್ತೀಯೋ."

 ಅವಳು ಸಣ್ಣ ಹಿಡಿಯ ಪಿಸ್ತೂಲಿಗೆ ಐದು ಗುಂಡು ತುಂಬಿ, ನಳಿಗೆಯ ಬಾಯಿಯನ್ನು ಗುರಿಯ ಕಡೆಗೇ ಇರಿಸಿ, ಮೇಜಿನ ಮೇಲೆ ಇಟ್ಟು ಪಕ್ಕಕ್ಕೆ ಸರಿದಳು.

"ನೀವು ಹೊಡೀರಿ."

ಇಪ್ಪತ್ತಾರು ವರ್ಷದ ಗುರುವಿಗೆ ಇದು ಸವಾಲೇ ಅಲ್ಲ. ಮಾವ ತುಟಿಯಂಚಿನಲ್ಲೇ ನಕ್ಕು ಎತ್ತಿಕೊಂಡರು. ಸಣ್ಣ ಹಿಡಿ ಆ ಮೊರದಂಥ ಅಂಗೈಯೊಳಗೆ ಮುಳುಗಿಯೇ ಹೋಯಿತು. ತೋರುಬೆರಳು ಟ್ರಿಗರನ್ನು ದಾಟಿ ಎರಡನೆಯ ಗೆಣ್ಣಿನವರೆಗೂ ಒಳನುಗ್ಗಿತು. ಐದು ಗುಂಡು. ಕಾಗದ ಬಂತು. ಐದೂ ಬಲಗಡೆಯ ಅಂಚಿನಲ್ಲಿ.

"ನಿಮ್ಮ ಬೆರಳಿಗೆ ಏನಾಯ್ತು ಮಾವ?" ಎಂದಳು ಅವಳು. "ಪುಕ್ಕಲಾ?"

"ಹಿಡಿ ಚಿಕ್ಕ—" ಎಂದರು ಮಾವ. ಅಲ್ಲಿಗೆ ನಿಂತರು.

ಅಂಗಡಿಯವರು ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುವುದಕ್ಕೆ ಏನೂ ಇಲ್ಲದಿದ್ದರೂ. ಮಾವ ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಅರ್ಜಿಯನ್ನು ಎಳೆದುಕೊಂಡು ಸಣ್ಣ ಹಿಡಿಯದ್ದನ್ನೇ ಬರೆದು ಸಹಿ ಹಾಕಿ ಅವಳ ಕಡೆ ಸರಿಸಿದರು. "ತಗೋ. ಆಯ್ತಲ್ಲ?"

ಅವಳು ಮುಟ್ಟಲಿಲ್ಲ.

"ಆಗಲಿಲ್ಲ. ನರ್ಸ್ ಹತ್ರ ಹೋಗಿ ಹೇಳ್ಬೇಕು."

"ಸಾಯಂಕಾಲ ಫೋನ್ ಮಾಡ್ತೀನಿ."

"ಅಂದಿದ್ದು ಜನರ ಮುಂದೆ. ಹೇಳೋದೂ ಜನರ ಮುಂದೆ. ಅಲ್ಲೀವರೆಗೂ ಪಿಸ್ತೂಲು ಇಲ್ಲೇ ಇರ್ಲಿ, ಪಂದ್ಯ ಹೋದ್ರೆ ಹೋಗ್ಲಿ."

ಅವಳು ಬೆದರಿಸುತ್ತಿಲ್ಲ ಎಂಬುದು ಮಾವನಿಗೆ ಗೊತ್ತಿತ್ತು. ಅಕ್ಕನ ಹಠವೂ ಹೀಗೇ. ಅವರು ತಮ್ಮ ಐದು ತೂತಿನ ಕಾಗದವನ್ನು ಮಡಚಿಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ಬಂದು, "ಆ ಅಳತೆಪಟ್ಟಿ ಒಂದು ಗಂಟೆ ಕೊಡ್ತೀರಾ?" ಎಂದು ಅಂಗಡಿಯವರನ್ನು ಕೇಳಿದರು.

ಆಸ್ಪತ್ರೆ ಎರಡು ಬೀದಿ ಆಚೆ. ದಾರಿಯುದ್ದಕ್ಕೂ ಮಾವ ಮುಂದೆ, ಅವಳು ಹಿಂದೆ. ವಾರ್ಡಿನಲ್ಲಿ ಎಂಟು ಹಾಸಿಗೆ, ಎಂಟರಲ್ಲೂ ರೋಗಿಗಳು. ನರ್ಸ್ ಒಬ್ಬ ಮುದುಕರ ತೋಳಿಗೆ ಇಂಜೆಕ್ಷನ್ ಕೊಟ್ಟು ಹತ್ತಿ ಒತ್ತಿ ಹಿಡಿದಿದ್ದಳು. ಮಾವನನ್ನು ಕಂಡು ಅವಳ ಮುಖ ಬಿಗಿಯಿತು. ಮಾವ ಐದು ತೂತಿನ ಕಾಗದ ಚಾಚಿದರು.

ನರ್ಸ್ ನೋಡಿದಳು. "ಯಾರ ಬೆರಳು, ಇಷ್ಟು ಕೆಟ್ಟದ್ದು?"

"ನಂದು," ಎಂದರು ಮಾವ, ಎಂಟೂ ಹಾಸಿಗೆಗೆ ಕೇಳುವ ಹಾಗೆ. "ನನ್ನ ಕೈಗೆ ಆಗದ ಹಿಡೀಲಿ ಹೊಡೆದೆ. ನಿನಗೂ ಅಂಥದ್ದೇ ಕೊಟ್ಟಿದ್ದೆ. ನೀನು ಪುಕ್ಕಲಿ ಅಲ್ಲ. ತಪ್ಪು ನಂದು."

ನರ್ಸ್ ನಗುತ್ತಾಳೆ ಎಂದುಕೊಂಡಿದ್ದಳು ಗಡಿಯಾರದವಳು. ನರ್ಸ್ ನಗಲಿಲ್ಲ. ಹತ್ತಿಯನ್ನು ತೊಟ್ಟಿಗೆ ಎಸೆದಳು.

"ಎರಡು ವರ್ಷದಿಂದ," ಎಂದಳು, "ಒಬ್ಬೊಬ್ಬರಿಗೆ ಸೂಜಿ ಚುಚ್ಚೋವಾಗಲೂ ಈ ಬೆರಳನ್ನ ನೋಡ್ತೀನಿ. ತಳ್ಳತ್ತೇನೋ, ಹೆದರತ್ತೇನೋ ಅಂತ. ದಿನಕ್ಕೆ ನಲವತ್ತು ಸಲ. ಗೊತ್ತಾ ನಿಮಗೆ?"

ಮಾವ ತಲೆ ತಗ್ಗಿಸಿ ಅಳತೆಪಟ್ಟಿ ತೆಗೆದರು. "ಕೈ ಕೊಡ್ತೀಯಾ ತಾಯಿ?"

ಅವಳು ಕೊಟ್ಟಳು, ಹೊಡೆಯುವವಳ ಹಾಗೆ ಬೀಸಿ. ಆ ದೊಡ್ಡ ಬೆರಳುಗಳು ಬಹಳ ಮೆಲ್ಲಗೆ ಪಟ್ಟಿಯನ್ನು ಎಳೆದವು.

"ಒಂಬತ್ತೂವರೆ."

"ಆ ಪುಸ್ತಕ ಇದೆಯಲ್ಲ ಜೇಬಲ್ಲಿ? ಬರ್ಕೊಳ್ಳಿ," ಎಂದಳು ನರ್ಸ್. "ಮತ್ತೆ ಬರ್ತೀನಿ ಅಂತ ನಾನು ಹೇಳಿಲ್ಲ. ಅದನ್ನೂ ಬರ್ಕೊಳ್ಳಿ."

ಮಾವ ನಿಂತಲ್ಲೇ ಪುಸ್ತಕ ತೆಗೆದು, ಎರಡನ್ನೂ ಬರೆದುಕೊಂಡರು.